ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಮುನ್ನ

ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಮಕ್ಕಳ ಬ್ಯಾಗಿನಲ್ಲಿ ಒಂದು ಕಾರ್ಡ್ ಮನೆಗೆ ಬರುತ್ತದೆ. ಎಫ್‌ಎ-1, ಎಫ್‌ಎ-2, ಎಸ್‌ಎ-1 ಎಂದು ಬರೆದ ಕಾಲಂಗಳು, ಅವುಗಳ ಕೆಳಗೆ ಅಂಕಗಳು, ಕೊನೆಯಲ್ಲಿ ಎ ಅಥವಾ ಬಿ+ ಎಂಬ ಅಕ್ಷರ, ಎಲ್ಲಕ್ಕಿಂತ ಕೆಳಗೆ ‘ಪೋಷಕರ ಸಹಿ’. ನಮ್ಮಲ್ಲಿ ಬಹುತೇಕ ಅಪ್ಪ ಅಮ್ಮಂದಿರು ಕೊನೆಯ ಅಕ್ಷರ ನೋಡುತ್ತಾರೆ, ಸಹಿ ಹಾಕುತ್ತಾರೆ. ನಡುವೆ ಒಂದು ‘ಶಭಾಷ್’ ಅಥವಾ ಒಂದು ಗದರಿಕೆ. ಎರಡರಲ್ಲಿ ಯಾವುದು ಸಿಕ್ಕಿದರೂ ನಾಳೆಯಿಂದ ಏನು ಬೇರೆ ಮಾಡಬೇಕೆಂದು ಮಗುವಿಗೆ ತಿಳಿಯುವುದಿಲ್ಲ.

ಕಾರ್ಡು ಹೇಳುವುದು ಬಹಳ ಕಡಿಮೆ. ಮಗು ಎಷ್ಟು ಗಳಿಸಿತು ಎಂಬುದಷ್ಟೇ ಅದರಲ್ಲಿದೆ. ಎಲ್ಲಿ ಎಡವಿತು, ಏಕೆ ಎಡವಿತು ಎಂಬುದೆಲ್ಲ ತಿದ್ದಿದ ಉತ್ತರ ಪತ್ರಿಕೆಯಲ್ಲಿದೆ. ಅದಕ್ಕೇ ಇಲ್ಲಿ ಕಾರ್ಡಿನ ಮಾತನ್ನು ಬೇಗ ಮುಗಿಸಿ, ಉತ್ತರ ಪತ್ರಿಕೆಯ ಹತ್ತಿರ ಹೆಚ್ಚು ಹೊತ್ತು ನಿಂತಿದ್ದೇನೆ. ಹೇಳಿರುವುದು ಮುಖ್ಯವಾಗಿ ರಾಜ್ಯ ಪಠ್ಯಕ್ರಮದ ಪ್ರಾಥಮಿಕ ಶಾಲೆ ಮಕ್ಕಳ ಬಗ್ಗೆ. ಹತ್ತನೇ ತರಗತಿಯ ಮಾತು ಬೇರೆಯಾಗಿ ಬರುತ್ತದೆ.

ಹಂತ 1: ಕಾಲಂಗಳ ಅರ್ಥ ತಿಳಿದುಕೊಳ್ಳಿ

ಎಫ್‌ಎ ಎಂದರೆ ರೂಪಣಾತ್ಮಕ ಮೌಲ್ಯಮಾಪನ. ಪಾಠ ನಡೆಯುತ್ತಿರುವಾಗಲೇ ಮಗು ಹೇಗೆ ಕಲಿಯುತ್ತಿದೆ ಎಂದು ನೋಡುವುದು. ಇದರಲ್ಲಿ ಕಿರು ಪರೀಕ್ಷೆಯ ಜೊತೆಗೆ ಚಟುವಟಿಕೆ, ಪ್ರಾಜೆಕ್ಟ್, ಬಾಯಿ ಪ್ರಶ್ನೆಗಳೂ ಸೇರುತ್ತವೆ. ಎಸ್‌ಎ ಎಂದರೆ ಸಂಕಲನಾತ್ಮಕ ಮೌಲ್ಯಮಾಪನ. ನಾವು ಓದುವಾಗ ಅರ್ಧವಾರ್ಷಿಕ, ವಾರ್ಷಿಕ ಎನ್ನುತ್ತಿದ್ದ ಪರೀಕ್ಷೆಗಳ ಜಾಗದಲ್ಲಿ ಈಗ ಇದಿದೆ. ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಒಂದೊಂದು ಎಫ್‌ಎಗೆ 15, ಒಂದೊಂದು ಎಸ್‌ಎಗೆ 20 ಅಂಕದ ತೂಕ. ಎಲ್ಲ ಸೇರಿ 100. ಪರೀಕ್ಷೆಯನ್ನು ಹೆಚ್ಚು ಅಂಕಕ್ಕೆ ನಡೆಸಿ ಆಮೇಲೆ 15ಕ್ಕೋ 20ಕ್ಕೋ ಇಳಿಸುತ್ತಾರೆ. ಹಾಗಾಗಿ ಉತ್ತರ ಪತ್ರಿಕೆಯ ಮೇಲಿರುವ ಅಂಕಕ್ಕೂ ಕಾರ್ಡಿನ ಅಂಕಕ್ಕೂ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ.

ಲೆಕ್ಕ ಹಾಕಿ ನೋಡಿದರೆ ನಾಲ್ಕು ಎಫ್‌ಎಗಳ ಪಾಲು 60. ‘ದೊಡ್ಡ ಪರೀಕ್ಷೆ’ ಎಂದು ನಾವು ತಲೆ ಕೆಡಿಸಿಕೊಳ್ಳುವ ಎಸ್‌ಎಗಳ ಪಾಲು 40 ಮಾತ್ರ. ಮಾರ್ಚ್ ತಿಂಗಳಲ್ಲಿ ಮಗುವನ್ನು ಬೆಳಗಿನ ಜಾವ ಎಬ್ಬಿಸಿ ಕೂರಿಸುವ ಮನೆಗಳು ಈ ಲೆಕ್ಕ ನೋಡಬೇಕು.

ಸರ್ಕಾರಿ ಶಾಲೆಯ 1ರಿಂದ 3ನೇ ತರಗತಿಯ ‘ನಲಿ-ಕಲಿ’ ಮಕ್ಕಳದು ಬೇರೆ ದಾರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಅಲ್ಲಿ ‘ಎಷ್ಟು ಅಂಕ?’ ಎಂದು ಕೇಳುವುದಕ್ಕಿಂತ ‘ಈಗ ಯಾವ ಮೆಟ್ಟಿಲಲ್ಲಿದ್ದಾಳೆ? ಹೋದ ತಿಂಗಳು ಎಲ್ಲಿದ್ದಳು?’ ಎಂದು ಕೇಳಿದರೆ ಟೀಚರ್ ತೋರಿಸುತ್ತಾರೆ.

ಹಂತ 2: ಅಂಕವನ್ನು ‘ಎಷ್ಟಕ್ಕೆ’ ಎಂದು ಕೇಳಿ ಓದಿ, ಗ್ರೇಡನ್ನು ಅಂಕದ ಜೊತೆ ಓದಿ

ಎಫ್‌ಎಯಲ್ಲಿ 12, ಎಸ್‌ಎಯಲ್ಲಿ 12. ಮಗು ಇದ್ದಲ್ಲೇ ಇದೆ ಅನ್ನಿಸುತ್ತದೆ. ಆದರೆ 15ಕ್ಕೆ 12 ಅಂದರೆ ಶೇ. 80, 20ಕ್ಕೆ 12 ಅಂದರೆ ಶೇ. 60. ಇದು ಇಳಿಕೆ.

ಗ್ರೇಡಿನ ಸಮಸ್ಯೆ ಇನ್ನೊಂದು. ಪ್ರಾಥಮಿಕ ತರಗತಿಗಳಲ್ಲಿ 90 ಮತ್ತು ಅದಕ್ಕಿಂತ ಮೇಲೆ ಎ+, 70ರಿಂದ 89ರವರೆಗೆ ಎ, 50ರಿಂದ 69 ಬಿ+, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಎ ಎಂಬ ಆ ಒಂದು ಅಕ್ಷರದ ಹೊಟ್ಟೆಯೊಳಗೆ 20 ಅಂಕಗಳಿವೆ. ಹೋದ ಸಲ 88 ತೆಗೆದ ಹುಡುಗಿ ಈ ಸಲ 71 ತೆಗೆದರೂ ಕಾರ್ಡಿನಲ್ಲಿ ಎ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಅತ್ತ 89ರಿಂದ 90ಕ್ಕೆ ಬಂದವನಿಗೆ ಎ+ ಸಿಕ್ಕಿ ಮನೆಯಲ್ಲಿ ಸಿಹಿ ಹಂಚುತ್ತಾರೆ.

ಅದೇ ಅಕ್ಷರ ಎಲ್ಲ ಕಡೆ ಒಂದೇ ಅರ್ಥ ಕೊಡುವುದೂ ಇಲ್ಲ. ಏಳನೇ ತರಗತಿಯಲ್ಲಿ ಶೇ. 72 ಅಂದರೆ ಎ. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟೇ ತೆಗೆದರೆ ಬಿ+. ‘ಮೊದಲೆಲ್ಲ ಎ ಬರ್ತಿತ್ತು, ಹತ್ತಕ್ಕೆ ಬಂದು ಕೆಟ್ಟ’ ಎಂಬ ಅಪವಾದ ಹೊತ್ತ ಎಷ್ಟೋ ಮಕ್ಕಳು ಅಲ್ಲೇ ಇದ್ದವರು, ಬದಲಾಗಿದ್ದು ಅಳತೆ. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಂತೂ ಆ ವಿಷಯದಲ್ಲಿ ಪಾಸಾದವರನ್ನೆಲ್ಲ ಅಂಕದ ಕ್ರಮದಲ್ಲಿ ನಿಲ್ಲಿಸಿ ಮೊದಲ ಎಂಟನೇ ಒಂದು ಭಾಗಕ್ಕೆ ಎ1 ಕೊಡುತ್ತಾರೆ. ಅಲ್ಲಿ ನಿಮ್ಮ ಮಗುವಿನ ಗ್ರೇಡು ಉಳಿದವರು ಹೇಗೆ ಬರೆದರು ಎಂಬುದರ ಮೇಲೂ ನಿಂತಿದೆ. ಕೆಲವು ಖಾಸಗಿ ಶಾಲೆಗಳ ವರದಿಯಲ್ಲಿ ‘ಪರ್ಸೆಂಟೈಲ್’ ಎಂದಿರುತ್ತದೆ. 80 ಪರ್ಸೆಂಟೈಲ್ ಎಂದರೆ 80 ಅಂಕ ಅಲ್ಲ, ಬರೆದ ನೂರು ಮಕ್ಕಳಲ್ಲಿ ಸುಮಾರು 80 ಮಂದಿಗಿಂತ ಮುಂದೆ ಎಂದು. ಬಹಳ ಕಷ್ಟದ ಪತ್ರಿಕೆಯಾದರೆ 50 ಅಂಕಕ್ಕೂ 80 ಪರ್ಸೆಂಟೈಲ್ ಬರಬಹುದು.

ಇನ್ನು ಚಿಕ್ಕ ಪರೀಕ್ಷೆಯ ಏರಿಳಿತಕ್ಕೆ ಹೆದರಬೇಡಿ. 20 ಅಂಕದ ಪರೀಕ್ಷೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಬಿಟ್ಟುಹೋದರೆ ಶೇ. 10 ಹೋಯಿತು. ಆ ದಿನ ಮಗುವಿಗೆ ನೆಗಡಿಯಿತ್ತೋ, ಊರಹಬ್ಬಕ್ಕೆ ಹೋಗಿ ರಾತ್ರಿ ತಡವಾಗಿ ಬಂದಿದ್ದಿರೋ! ಒಂದೇ ವಿಷಯದಲ್ಲಿ ಎರಡು ಮೂರು ಸಲ ಸತತವಾಗಿ ಇಳಿದರೆ ಆಗ ಕೂತು ನೋಡಿ.

ಹಂತ 3: ಎಫ್‌ಎ ಮತ್ತು ಎಸ್‌ಎ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ

ವಿಜ್ಞಾನದಲ್ಲಿ ಎಫ್‌ಎ ಎರಡರಲ್ಲೂ 15ಕ್ಕೆ 14, ಎಸ್‌ಎಯಲ್ಲಿ 20ಕ್ಕೆ 8 ಎಂದಿಟ್ಟುಕೊಳ್ಳಿ. ಇದಕ್ಕೆ ಎರಡು ಕಾರಣ ಇರಬಹುದು. ಮಗುವಿಗೆ ಮಾಡಲು, ಹೇಳಲು ಬರುತ್ತದೆ, ಬರೆಯಲು ಕೈ ಓಡುವುದಿಲ್ಲ. ಇಲ್ಲವೇ ಪ್ರಾಜೆಕ್ಟ್ ಮಾಡಿದ್ದು ಮಗುವೇ ಅಲ್ಲ. ಥರ್ಮಕೋಲಿನ ಜ್ವಾಲಾಮುಖಿಯನ್ನು ರಾತ್ರಿ ಹನ್ನೊಂದಕ್ಕೆ ಅಮ್ಮ ಅಂಟಿಸಿರುತ್ತಾಳೆ, ಬರಹವನ್ನು ಅಪ್ಪ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿರುತ್ತಾನೆ. ಆ ಅಂಕ ಅಪ್ಪ ಅಮ್ಮನದು. ಪ್ರಾಜೆಕ್ಟ್ ಸೊಟ್ಟಗಿರಲಿ, ಮಗುವೇ ಮಾಡಲಿ.

ಎಫ್‌ಎ ಕಡಿಮೆ, ಎಸ್‌ಎ ಜಾಸ್ತಿ ಇದ್ದರೆ ಹಾಜರಾತಿ ನೋಡಿ. ಚಟುವಟಿಕೆಯ ದಿನ ಶಾಲೆಗೆ ಹೋಗಿಲ್ಲ, ಕೊಟ್ಟ ಕೆಲಸ ಒಪ್ಪಿಸಿಲ್ಲ ಎಂಬುದೇ ಹೆಚ್ಚಾಗಿ ಕಾರಣ.

ಹಂತ 4: ಉತ್ತರ ಪತ್ರಿಕೆ ತರಿಸಿಕೊಂಡು ತಪ್ಪುಗಳನ್ನು ಗುಂಪು ಮಾಡಿ

ತಿದ್ದಿದ ಪತ್ರಿಕೆಯನ್ನು ಕೆಲವು ಶಾಲೆಗಳು ಮನೆಗೇ ಕಳಿಸುತ್ತವೆ, ಕೆಲವು ಶಾಲೆಯಲ್ಲೇ ತೋರಿಸುತ್ತವೆ. ಕೊಡದಿದ್ದರೆ ಹೋಗಿ ನೋಡಿ, ಟೀಚರನ್ನು ಕೇಳಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ಮಗುವಿನ ಜೊತೆ ಕೂತುಕೊಳ್ಳಿ. ‘ಯಾಕೋ ತಪ್ಪು ಮಾಡ್ದೆ?’ ಎಂದು ಶುರುಮಾಡಬೇಡಿ, ಅಲ್ಲಿಗೆ ಮಾತು ಮುಗಿಯುತ್ತದೆ. ‘ಇದನ್ನ ಹೇಗೆ ಮಾಡ್ದೆ ಪುಟ್ಟಾ, ನಂಗೆ ಹೇಳಿಕೊಡು’ ಎನ್ನಿ. ಅಕ್ಷರ ಬರದ ತಾಯಿಯೂ ಇಷ್ಟು ಕೇಳಬಹುದು. ಅವಳು ಕೇಳಿದರೆ ಮಗು ಇನ್ನೂ ಹುರುಪಿನಿಂದ ಹೇಳಿಕೊಡುತ್ತದೆ.

ಪ್ರತಿ ತಪ್ಪಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಗುರುತು ಹಾಕುತ್ತಾ ಹೋಗಿ: ಗೊತ್ತೇ ಇಲ್ಲದ್ದು, ತಪ್ಪು ರೀತಿಯಲ್ಲಿ ಕಲಿತದ್ದು, ಪ್ರಶ್ನೆ ಅರ್ಥವಾಗದ್ದು, ಅವಸರದ್ದು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ ‘ಇನ್ನೂ ಓದು’ ಎಂಬ ಒಂದೇ ಗುಳಿಗೆ ಕೊಟ್ಟರೆ ಯಾವುದೂ ವಾಸಿಯಾಗದು.

ತಪ್ಪು ರೀತಿಯಲ್ಲಿ ಕಲಿತದ್ದನ್ನು ಹಿಡಿಯುವುದು ಹೇಗೆ ಎಂದು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. 62ರಿಂದ 28 ಕಳೆಯಬೇಕು. ಮಗು 46 ಎಂದು ಬರೆದಿದೆ. ಕೆಂಪು ಗೀಟು ಬಿದ್ದಿದೆ, ಸೊನ್ನೆ ಅಂಕ. ಮುಂದಿನದು 503ರಿಂದ 278 ಕಳೆಯುವುದು. ಉತ್ತರ 375 ಎಂದಿದೆ, ಅದಕ್ಕೂ ಸೊನ್ನೆ. ಮೇಲ್ನೋಟಕ್ಕೆ ಹುಡುಗನಿಗೆ ಕಳೆಯುವುದೇ ಬರುವುದಿಲ್ಲ. ಹತ್ತಿರದಿಂದ ನೋಡಿ. ಬಿಡಿ ಸ್ಥಾನದಲ್ಲಿ 2ರಿಂದ 8 ಹೋಗದು ಎಂದು ಅವನು 8ರಿಂದ 2 ಕಳೆದು 6 ಬರೆದಿದ್ದಾನೆ. ಹತ್ತರ ಸ್ಥಾನದಲ್ಲಿ 6ರಿಂದ 2 ಕಳೆದು 4. ಎರಡನೆಯದರಲ್ಲೂ ಅದೇ: 8ರಿಂದ 3 ಹೋದರೆ 5, 7ರಿಂದ 0 ಹೋದರೆ 7, 5ರಿಂದ 2 ಹೋದರೆ 3. ಎಲ್ಲ ಕಡೆ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ. ಕಳೆದ ರೀತಿಯಲ್ಲಿ ಒಂದು ಕಡೆಯೂ ಹೆಚ್ಚುಕಮ್ಮಿಯಿಲ್ಲ. ಅವನಿಗೆ ಬರದಿರುವುದು ಒಂದೇ, ಪಕ್ಕದ ಮನೆಯಿಂದ ದಶಕ ತರುವುದು. ಪತ್ರಿಕೆಯಲ್ಲಿ ಏಳೆಂಟು ಅಂಕ ಹೋಗಿದ್ದು ಈ ಒಂದು ತಪ್ಪು ತಿಳಿವಳಿಕೆಯಿಂದ. ಅವನಿಗೆ ದಿನಾ ಐವತ್ತು ಲೆಕ್ಕ ಕೊಟ್ಟು ಮಾಡಿಸಿದರೆ ಐವತ್ತು ಸಲ ಅದೇ ತಪ್ಪನ್ನು ಗಟ್ಟಿಮಾಡಿಕೊಳ್ಳುತ್ತಾನೆ, ಅಷ್ಟೇ.

ಕನ್ನಡ ಪತ್ರಿಕೆಯಲ್ಲೂ ಹೀಗೆ ಒಂದೇ ಜಾತಿಯ ತಪ್ಪುಗಳು ಸಾಲಾಗಿ ಸಿಗುತ್ತವೆ. ‘ಅಕ್ಕಿ ಆರಿಹೋಯಿತು’ ಎಂದು ಬರೆದ ಮಗು ಹೇಳಹೊರಟಿದ್ದು ಹಕ್ಕಿಯ ವಿಷಯ. ಮನೆಯ ಮಾತಿನಲ್ಲಿ ಹಕಾರ ಇಲ್ಲದಿದ್ದರೆ ಬರಹದಲ್ಲಿ ಎಲ್ಲಿಂದ ಬರಬೇಕು? ಮಗು ಕೇಳಿದಂತೆ ಬರೆದಿದೆ. ಮನೆಮಾತನ್ನು ಹೀಯಾಳಿಸದೆ, ‘ನಾವು ಹೀಗಂತೀವಿ, ಪುಸ್ತಕದಲ್ಲಿ ಹೀಗಿರುತ್ತೆ’ ಎಂದು ಎರಡನ್ನೂ ಹೇಳಿ ಓದಿಸಿದರೆ ಸರಿಹೋಗುತ್ತದೆ. ಇನ್ನು ಕೆಲವರಿಗೆ ಒತ್ತಕ್ಷರವೇ ತೊಡಕು, ಕೆಲವರಿಗೆ ದೀರ್ಘ, ಕೆಲವರಿಗೆ ಲ-ಳ, ನ-ಣ. ಯಾವುದು ಎಂದು ಪತ್ರಿಕೆ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ ಅರ್ಥವಾಗದ್ದನ್ನು ಪತ್ತೆಹಚ್ಚಲು ಸುಲಭದ ಉಪಾಯವೊಂದಿದೆ. ಮಗು ತಪ್ಪು ಮಾಡಿದ ವಾಕ್ಯದ ಲೆಕ್ಕವನ್ನು ನೀವು ಗಟ್ಟಿಯಾಗಿ ಓದಿ ಹೇಳಿ. ಇಂಗ್ಲಿಷ್ ಮಾಧ್ಯಮದ ಮಗುವಾದರೆ ಕನ್ನಡದಲ್ಲಿ ಹೇಳಿ. ‘ಒಂದು ಬುಟ್ಟೀಲಿ 45 ಮಾವಿನಹಣ್ಣಿದೆ, ಐದೈದರಂತೆ ಹಂಚಿದರೆ ಎಷ್ಟು ಜನಕ್ಕೆ ಬರುತ್ತೆ?’ ಥಟ್ಟನೆ ‘ಒಂಬತ್ತು’ ಎಂದರೆ ಅದಕ್ಕೆ ಗಣಿತ ಬರುತ್ತದೆ, ಓದಿ ಅರ್ಥಮಾಡಿಕೊಳ್ಳುವುದು ಬರುವುದಿಲ್ಲ. ಅದನ್ನು ಗಣಿತದ ಟ್ಯೂಷನ್ನಿಗೆ ಹಾಕಿದರೆ ದುಡ್ಡು ದಂಡ.

ಹಂತ 5: ತರಗತಿ ಮರೆತು, ಮಗು ನಿಜವಾಗಿ ಎಲ್ಲಿದೆ ಎಂದು ನೋಡಿ

ಎಲ್ಲ ವಿಷಯದಲ್ಲೂ ಅಂಕ ಕಡಿಮೆ ಇದ್ದರೆ ಬೇರು ಓದಿನಲ್ಲಿರುವ ಸಾಧ್ಯತೆ ಹೆಚ್ಚು. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯವರು ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸುವ ರೀತಿ ಬಹಳ ಸರಳ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಲೆಕ್ಕದಲ್ಲಿ ಅಂಕಿ ಗುರುತಿಸುವುದು, ದಶಕ ತಂದು ಎರಡಂಕಿ ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ನೀವೂ ಹಾಗೇ ಮಾಡಿ. ಎರಡನೇ ತರಗತಿಯ ಕನ್ನಡ ಪುಸ್ತಕದಿಂದ ಮಗು ಓದಿರದ ಒಂದು ಕಥೆ ಕೊಡಿ. ತಡವರಿಸದೆ ಓದಿ, ಕಥೆ ಏನೆಂದು ತನ್ನ ಮಾತಲ್ಲಿ ಹೇಳಿದರೆ ಸರಿ. ಐದನೇ ತರಗತಿಯ ಮಗು ಇಲ್ಲಿ ಸಿಕ್ಕಿಹಾಕಿಕೊಂಡರೆ ಅದಕ್ಕೆ ಸಮಾಜ ವಿಜ್ಞಾನದ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಮೊದಲು ಓದು ಬರಲಿ. ಇದನ್ನು ಪರೀಕ್ಷೆಯಂತೆ, ನೆಂಟರ ಮುಂದೆ ಮಾತ್ರ ಮಾಡಬೇಡಿ.

ಓದುವಾಗ ಮಗು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ, ಬೋರ್ಡಿನಿಂದ ಬರೆದುಕೊಂಡದ್ದರಲ್ಲೇ ತಪ್ಪುಗಳಿದ್ದರೆ, ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

ಹಂತ 6: ಟೀಚರ್ ಹತ್ತಿರ ಒಂದೇ ಒಂದು ಖಚಿತ ಪ್ರಶ್ನೆ ಹಿಡಿದುಕೊಂಡು ಹೋಗಿ

ಪೋಷಕರ ಸಭೆಯಲ್ಲಿ ಸಾಮಾನ್ಯವಾಗಿ ನಡೆಯುವ ಮಾತು ಇದು:

‘ಹೇಗೆ ಓದ್ತಾನೆ ಮೇಡಂ ನಮ್ಮ ಹುಡುಗ?’

‘ಪರವಾಗಿಲ್ಲ, ಇನ್ನೂ ಸ್ವಲ್ಪ ಗಮನ ಕೊಡಬೇಕು.’

‘ಸ್ವಲ್ಪ ಗದರಿಸಿ ಮೇಡಂ, ಮನೇಲಿ ಮಾತೇ ಕೇಳಲ್ಲ.’

ಇಬ್ಬರೂ ಕೈತೊಳೆದುಕೊಂಡರು. ನಲವತ್ತು ಮಕ್ಕಳ ತಂದೆತಾಯಂದಿರು ಸಾಲಾಗಿ ನಿಂತಿರುವಾಗ ಟೀಚರ್ ಆದರೂ ಇನ್ನೇನು ಹೇಳಿಯಾರು? ನಾಲ್ಕನೇ ಹಂತದ ಕೆಲಸ ಮಾಡಿಕೊಂಡು ಹೋದವರ ಮಾತು ಬೇರೆಯಾಗಿರುತ್ತದೆ: ‘ಮೇಡಂ, ಕಳೆಯೋ ಲೆಕ್ಕದಲ್ಲಿ ಇವನು ಎಲ್ಲಾ ಕಡೆ ದೊಡ್ಡದರಿಂದ ಚಿಕ್ಕದನ್ನೇ ಕಳೆದಿದ್ದಾನೆ. ಕ್ಲಾಸಲ್ಲೂ ಹೀಗೇ ಮಾಡ್ತಾನಾ? ದಶಕ ತರೋದನ್ನ ನೀವು ಹೇಗೆ ಹೇಳಿಕೊಡ್ತೀರಿ? ಮನೇಲೂ ಹಾಗೇ ಮಾಡಿಸ್ತೀವಿ.’ ಈ ಕೊನೆಯ ಮಾತು ಮುಖ್ಯ. ಶಾಲೆಯಲ್ಲಿ ಒಂದು ರೀತಿ, ಮನೆಯಲ್ಲಿ ಅಪ್ಪನ ಕಾಲದ ಇನ್ನೊಂದು ರೀತಿ ಎಂದಾದರೆ ಮಗು ಎರಡನ್ನೂ ಕಲಸಿಕೊಂಡು ಕೂರುತ್ತದೆ.

ಸರ್ಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡುತ್ತಾರೆ. ಅಂದು ಕೂಲಿ ತಪ್ಪಿಸಿಕೊಂಡು ಹೋಗಲು ಆಗದಿದ್ದರೆ ಬೇರೆ ದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ. ಅಜ್ಜ, ಅಜ್ಜಿ, ಅಕ್ಕ ಯಾರು ಹೋದರೂ ಆದೀತು. ಮಗುವಿನ ಎದುರು ಟೀಚರನ್ನು ಬಯ್ಯುವುದು, ಟೀಚರ ಎದುರು ಮಗುವನ್ನು ಬಯ್ಯುವುದು ಎರಡೂ ಬೇಡ.

ಹಂತ 7: ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ, ಒಂದು ಸಲಕ್ಕೆ ಒಂದೇ ತಪ್ಪು

ಮೇಲಿನ ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳಿ. ಆರು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಮಗುವಿನ ಕೈಗೆ ಕೊಡಿ. 62 ರೂಪಾಯಿ ಆಯಿತು. ‘ನಂಗೆ 28 ರೂಪಾಯಿ ಕೊಡು’ ಎನ್ನಿ. ಎರಡು ನೋಟು ಕೊಡುತ್ತದೆ. ಎಂಟು ರೂಪಾಯಿಗೆ ತಡಕಾಡುತ್ತದೆ, ಇರುವುದು ಎರಡೇ ನಾಣ್ಯ. ಸುಮ್ಮನೆ ಕಾಯಿರಿ. ‘ಚಿಲ್ಲರೆ ಇದ್ಯಾ?’ ಎಂದು ಅದೇ ಕೇಳುತ್ತದೆ. ಒಂದು ನೋಟು ಮುರಿಸಿ ಹತ್ತು ನಾಣ್ಯ ಕೊಡಿ. ಈಗ ಹನ್ನೆರಡು ನಾಣ್ಯ; ಎಂಟು ಕೊಟ್ಟಿತು, ನಾಲ್ಕು ಉಳಿಯಿತು; ನೋಟು ಮೂರು. 34. ಆಮೇಲೆ ಅದೇ ಲೆಕ್ಕವನ್ನು ಹಾಳೆಯ ಮೇಲೆ ಮಾಡಿಸಿ, ನೋಟು ಮುರಿಸಿದ್ದು ಹಾಳೆಯಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ದಿನಕ್ಕೆ ನಾಲ್ಕೈದು ಲೆಕ್ಕ ಸಾಕು. ನಡುವೆ ಸೊನ್ನೆ ಇರುವ 503ರಂಥ ಲೆಕ್ಕವನ್ನು ಇದು ಕೈಗೆ ಬಂದ ಮೇಲೆ, ನೂರರ ನೋಟೂ ಇಟ್ಟುಕೊಂಡು ಮಾಡಿಸಿ.

ಹಳ್ಳಿಯ ಮನೆಗಳಲ್ಲಿ ಲೆಕ್ಕಕ್ಕೆ ಬರವಿಲ್ಲ. ಹಾಲಿನ ಡೈರಿಯ ಚೀಟಿಯನ್ನು ಮಗುವಿನಿಂದಲೇ ಓದಿಸಿ: ಎಷ್ಟು ಲೀಟರ್, ಲೀಟರಿಗೆ ಎಷ್ಟು, ಒಟ್ಟು ಎಷ್ಟು. ನಾಲ್ಕೂವರೆ ಲೀಟರ್, ಲೀಟರಿಗೆ 32 ಅಂದರೆ 144 ಬರಬೇಕು, ಬಂದಿದೆಯೇ ನೋಡಲಿ. ವಾರದ ಬಟವಾಡೆಯ ಲೆಕ್ಕ ಅದರ ಕೈಗೇ ಬಿಡಿ. ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ಪುಸ್ತಕ ನಾನು ಕಂಡಿಲ್ಲ.

ಓದಿಗೆ ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ. ನಿಮಗೆ ಓದಲು ಬರದಿದ್ದರೂ ಪಕ್ಕದಲ್ಲಿ ಕೂತು ಕೇಳಿ, ‘ಆಮೇಲೇನಾಯ್ತು?’ ಎನ್ನಿ. ಪುಸ್ತಕಕ್ಕೆ ದುಡ್ಡು ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ನಲ್ಲಿ ಕನ್ನಡದ ಚಿತ್ರಕಥೆಗಳು ಮಟ್ಟಕ್ಕೆ ತಕ್ಕಂತೆ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಪಾಠವನ್ನು ಕನ್ನಡದಲ್ಲಿ ವಿವರಿಸಿದರೆ ಇಂಗ್ಲಿಷ್ ಕೆಡುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಕೆಡುವುದಿಲ್ಲ. ದ್ಯುತಿಸಂಶ್ಲೇಷಣೆ ಎಂದರೇನೆಂದು ತಿಳಿದ ಮಗುವಿಗೆ ಅದರ ಇಂಗ್ಲಿಷ್ ಹೆಸರು ಕಲಿಯುವುದು ಒಂದು ದಿನದ ಕೆಲಸ. ಹೆಸರು ಮಾತ್ರ ಕಲಿತ ಮಗುವಿಗೆ ವಿಷಯ ತಿಳಿಯುವುದು ಎಂದೋ.

ಟ್ಯೂಷನ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮಗುವಿಗೆ ಏನು ಬರುವುದಿಲ್ಲ ಎಂದು ನೀವು ಒಂದು ವಾಕ್ಯದಲ್ಲಿ ಹೇಳಬಲ್ಲವರಾದ ಮೇಲೆ ಕಳಿಸಿ. ಅದಕ್ಕೆ ಮೊದಲು ಕಳಿಸಿದರೆ ಸಂಜೆಯ ಹೊತ್ತೂ ಅದೇ ನೋಟ್ಸ್ ಕಾಪಿ ಮಾಡಿಕೊಂಡು ಬರುತ್ತದೆ.

ಹಂತ 8: ಹತ್ತನೇ ತರಗತಿಯಾದರೆ ಇಷ್ಟು ಸೇರಿಸಿಕೊಳ್ಳಿ

ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ನೂರರಲ್ಲಿ 80 ಬರವಣಿಗೆಗೆ, 20 ಆಂತರಿಕ ಅಂಕ. ಪ್ರಥಮ ಭಾಷೆಯಲ್ಲಿ 100 ಮತ್ತು 25. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡುವಾಗ ಎರಡನ್ನೂ ಬಿಡಿಸಿ ನೋಡಿ. ಗಣಿತದಲ್ಲಿ 40 ಎಂದರೆ ಪರವಾಗಿಲ್ಲ ಅನ್ನಿಸೀತು. ಅದರಲ್ಲಿ ಆಂತರಿಕ ಅಂಕವೇ 20 ಆಗಿದ್ದರೆ, ಪತ್ರಿಕೆಯಲ್ಲಿ ಗಳಿಸಿದ್ದು 80ಕ್ಕೆ 20, ಕಾಲು ಭಾಗ ಮಾತ್ರ. ಪಾಸಾಗಲು ಬೇಕಾದ ಅಂಕದ ನಿಯಮ ಈಚೆಗೆ ಬದಲಾಗಿದೆ. ಹಳೆಯ 35ರ ಲೆಕ್ಕ ಹಿಡಿದು ಕೂರದೆ ಮುಖ್ಯ ಶಿಕ್ಷಕರನ್ನು ಕೇಳಿ.

2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಮೊದಲನೆಯದರಲ್ಲಿ ಒಂದು ವಿಷಯ ಹೋದರೆ ವರ್ಷ ಹೋಗುವುದಿಲ್ಲ. ಫಲಿತಾಂಶದಲ್ಲಿ ಅನುಮಾನವಿದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ವಿಷಯದ ಶಿಕ್ಷಕರಿಗೆ ತೋರಿಸಿ. ಅವರು ಅಂಕ ಬರಬಹುದು ಎಂದರೆ ಮಾತ್ರ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ದುಡ್ಡು ಕಟ್ಟಿ. ಅರ್ಜಿಯ ಕೊನೆಯ ದಿನಾಂಕ ಬೇಗ ಬರುತ್ತದೆ, ಫಲಿತಾಂಶದ ದಿನವೇ ಕೇಳಿಕೊಳ್ಳಿ.

ಹಂತ 9: ಪತ್ರಿಕೆಗಳನ್ನು ಎಸೆಯಬೇಡಿ

ಒಂದು ಹಳೆಯ ಫೈಲಿನಲ್ಲಿ ಉತ್ತರ ಪತ್ರಿಕೆಗಳನ್ನು, ಅಥವಾ ಅವುಗಳ ಫೋಟೊ ಪ್ರಿಂಟುಗಳನ್ನು ದಿನಾಂಕ ಬರೆದು ಇಡಿ. ಎಫ್‌ಎ-3 ಮುಗಿದು ಪತ್ರಿಕೆ ಬಂದಾಗ ಎಸ್‌ಎ-1ರ ಪತ್ರಿಕೆ ತೆಗೆದು ಪಕ್ಕದಲ್ಲಿಡಿ. ಒಟ್ಟು ಅಂಕವನ್ನು ಆಮೇಲೆ ನೋಡೋಣ. ಹೋದ ಸಲ ಪೆನ್ಸಿಲಿನಲ್ಲಿ ಗುರುತು ಹಾಕಿದ ತಪ್ಪು ಈ ಸಲವೂ ಇದೆಯೇ ಎಂದು ಮಗುವೇ ಹುಡುಕಲಿ. ಅದು ಹೋಗಿದ್ದರೆ, ಅಂಕ ಎರಡು ಕಡಿಮೆಯಾಗಿದ್ದರೂ ಮಗು ಮುಂದೆ ಹೋಗಿದೆ; ಹಾಗೆಂದು ಅದಕ್ಕೆ ಹೇಳಿ. ಅದೇ ತಪ್ಪು ಇದ್ದರೆ ಹೇಳಿಕೊಟ್ಟ ರೀತಿ ಬದಲಿಸಬೇಕು, ಮತ್ತೆ ಟೀಚರ್ ಹತ್ತಿರ ಹೋಗಬೇಕು. ಸಾಮಾನ್ಯವಾಗಿ ಹೊಸ ತಪ್ಪೊಂದು ಸಿಗುತ್ತದೆ. ಅದನ್ನು ಗುರುತು ಹಾಕಿಕೊಂಡು, ಕಾರ್ಡಿಗೆ ಸಹಿ ಮಾಡಿ ಕಳಿಸಿ.